ವಿದೇಶಿ ಕಾಲೇಜಿನೊಡನೆ ಕೌಶಲ ತರಬೇತಿ ಒಪ್ಪಂದ: ಸಹಿಗೆ ಮುಂಚೆ, ಸಹಿಯಾದ ಮೇಲೆ

ಎಂಒಯುಗೆ (ಪರಸ್ಪರ ತಿಳಿವಳಿಕೆ ಪತ್ರಕ್ಕೆ) ಸಹಿ ಹಾಕುವುದು ಅರ್ಧ ದಿನದ ಕೆಲಸ. ಆ ಕಾಗದದಿಂದ ಫಿಟ್ಟರ್ ಟ್ರೇಡಿನ ಹುಡುಗನಿಗೋ ಮೆಕಾಟ್ರಾನಿಕ್ಸ್ ಓದುವ ಹುಡುಗಿಗೋ ಗಟ್ಟಿ ಕಸುಬು, ಕಂಪನಿ ಒಪ್ಪುವ ಸರ್ಟಿಫಿಕೇಟು, ಒಳ್ಳೆಯ ಸಂಬಳ ದಕ್ಕುವಂತೆ ಮಾಡಲು ಎರಡು ಮೂರು ವರ್ಷ ಬೇಕು. ಇಲ್ಲಿರುವುದು ಆ ಎರಡು ಮೂರು ವರ್ಷಗಳ ಕೆಲಸದ ವಿವರ. ಐಟಿಐ, ಪಾಲಿಟೆಕ್ನಿಕ್, ಬಿ.ವೋಕ್ (ವೃತ್ತಿ ಶಿಕ್ಷಣದ ಪದವಿ) ನಡೆಸುವ ಕಾಲೇಜುಗಳ ಪ್ರಾಚಾರ್ಯರು ಮತ್ತು ಆಡಳಿತ ಮಂಡಳಿಯವರಿಗಾಗಿ ಬರೆದದ್ದು. ಉದಾಹರಣೆಗಳು ಹೆಚ್ಚಾಗಿ ಯಂತ್ರದ ಟ್ರೇಡುಗಳವು; ಕರ್ನಾಟಕಕ್ಕೆ ಇಂಥ ಪಾಲುದಾರಿಕೆಯ ಹಳೆಯ ಅನುಭವ ಇರುವುದು ಅಲ್ಲೇ.

ಬೆಂಗಳೂರಿನ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ ಶುರುವಾಯಿತು. ನೆರವು ನಿಂತು ದಶಕಗಳೇ ಕಳೆದರೂ ಸಂಸ್ಥೆ ನಿಲ್ಲಲಿಲ್ಲ, ರಾಜ್ಯದಾದ್ಯಂತ ಮೂವತ್ತಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆಯಿತು. ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್‌ನ ಮುಖ್ಯ ಕಚೇರಿ ಇಂದು ಪೀಣ್ಯದಲ್ಲಿದೆ. ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆ 2007ರದು. ಹತ್ತು ವರ್ಷದಲ್ಲಿ 30,000 ಜನರನ್ನು ತಯಾರು ಮಾಡುವ 2016ರ ಭಾರತ–ಜಪಾನ್ ಒಪ್ಪಂದದಡಿ ಅದಕ್ಕೂ ಮಾನ್ಯತೆ ಸಿಕ್ಕಿತು. ಇವು ಬಾಳಿದ್ದು ವಿದೇಶಿ ಹೆಸರಿನಿಂದಲ್ಲ, ಕಲಿಸುವ ಕ್ರಮ ಇಲ್ಲಿನ ಬೋಧಕರ ಕೈಗೆ ಬಂದದ್ದರಿಂದ ಮತ್ತು ಕಾರ್ಖಾನೆಯ ನಂಟು ಕಡಿಯದೆ ಉಳಿದದ್ದರಿಂದ. ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ, ನಾಲ್ಕನೆಯ ವರ್ಷ ಕಂಪನಿಯಲ್ಲಿ. ಅಲ್ಲಿನ ವರ್ಕ್‌ಶಾಪ್ ಹೊರಗಿನ ಕಂಪನಿಗಳಿಗೆ ಮೌಲ್ಡು, ಡೈಗಳನ್ನೂ ಮಾಡಿಕೊಡುತ್ತದೆ. ವಿದ್ಯಾರ್ಥಿ ನೋಡುವ ಕೆಲಸ ನಿಜವಾದ ಗಿರಾಕಿಯ ಕೆಲಸ. ನಿಮ್ಮ ಒಪ್ಪಂದದ ಕರಡಿನಲ್ಲಿ ಬೋಧಕರು ಮತ್ತು ಕಾರ್ಖಾನೆ ಈ ಎರಡೂ ಎಲ್ಲಿವೆ ಎಂದು ಹುಡುಕಿ. ಸಿಗದಿದ್ದರೆ ಕರಡು ಇನ್ನೂ ತಯಾರಾಗಿಲ್ಲ.

ಹಿಂದಿನಿಂದ ಶುರುಮಾಡಿ: ಸರ್ಟಿಫಿಕೇಟನ್ನು ಯಾರು ಒಪ್ಪುತ್ತಾರೆ?

ಹೆಚ್ಚಿನ ಕಾಲೇಜುಗಳು ಮೊದಲು ಪಾಲುದಾರರನ್ನು ಹುಡುಕಿ, ಆಮೇಲೆ ಕೋರ್ಸು, ಕೊನೆಗೆ ಕೆಲಸ ಹುಡುಕುತ್ತವೆ. ಇದನ್ನು ತಿರುವಿಹಾಕಬೇಕು. ನಿಮ್ಮಿಂದ 40 ಕಿ.ಮೀ. ಒಳಗಿನ ಐದರಿಂದ ಎಂಟು ಕಂಪನಿಗಳಿಗೆ ಹೋಗಿ. ಬೆಳಗಾವಿಯವರಾದರೆ ಫೌಂಡ್ರಿಗಳು, ಬೆಂಗಳೂರಿನವರಾದರೆ ಪೀಣ್ಯ ಅಥವಾ ಬೊಮ್ಮಸಂದ್ರ. ಎಚ್‌ಆರ್ ಜೊತೆ ಮಾತಾಡಿ ವಾಪಸ್ ಬರಬೇಡಿ; ಶಾಪ್ ಫ್ಲೋರ್ ಸೂಪರ್‌ವೈಸರ್ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ. ಹೊಸದಾಗಿ ಸೇರಿದವರು ಮೊದಲ ಆರು ತಿಂಗಳಲ್ಲಿ ಯಾವ ಕೆಲಸ ಕೆಡಿಸುತ್ತಾರೆ? ಯಾವ ಯಂತ್ರಕ್ಕೆ ಆಳು ಸಿಗುತ್ತಿಲ್ಲ? ಈ ಕೌಶಲ ಇದ್ದವರಿಗೆ ಶುರುವಿನ ಸಂಬಳ ಎಷ್ಟು ಹೆಚ್ಚು ಕೊಡುತ್ತೀರಿ? ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಆ ಕೌಶಲಕ್ಕೆ ಅಲ್ಲಿ ಬೇಡಿಕೆ ಇಲ್ಲ ಎಂದೇ ತಿಳಿಯಿರಿ.

ಉತ್ತರಗಳನ್ನು ಎದುರಿಟ್ಟುಕೊಂಡು ನಿಮಗೆ ಬೇಕಾದ ಪಾಲುದಾರಿಕೆ ಯಾವ ಬಗೆಯದು ಎಂದು ತೀರ್ಮಾನಿಸಿ. ಒಂದೊಂದಕ್ಕೂ ಕಾನೂನು ಬೇರೆ, ಖರ್ಚು ಬೇರೆ.

ಅತಿ ಸುಲಭದ್ದು: ಸರ್ಟಿಫಿಕೇಟ್ ನಿಮ್ಮದೇ ಅಥವಾ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ ಎನ್‌ಸಿವಿಟಿಯದೇ, ವಿದೇಶಿ ಕಾಲೇಜಿನಿಂದ ಬರುವುದು ಪಠ್ಯ, ಬೋಧಕರ ತರಬೇತಿ, ಪರೀಕ್ಷೆಯ ವಿಧಾನ. ಇಲ್ಲೇ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಇಷ್ಟು ಸಾಕು. ನಮ್ಮ ಅಭಿಪ್ರಾಯದಲ್ಲಿ ಹತ್ತರಲ್ಲಿ ಏಳು ಕಾಲೇಜುಗಳು ಇಲ್ಲಿಂದಲೇ ಆರಂಭಿಸಬೇಕು.

ಎರಡನೆಯದು, ವಿದೇಶಿ ಸಂಸ್ಥೆಯ ಸರ್ಟಿಫಿಕೇಟನ್ನೇ ಇಲ್ಲಿ ಕೊಡುವುದು. ಬ್ರಿಟನ್ನಿನ ಸಿಟಿ ಅಂಡ್ ಗಿಲ್ಡ್ಸ್, ಪಿಯರ್ಸನ್‌ನ ಬಿಟಿಇಸಿ (ಇಂಜಿನಿಯರಿಂಗ್ ಪದವಿ ಬಿ.ಟೆಕ್ ಅಲ್ಲ) ಈ ದಾರಿಯವು. ನಿಮ್ಮ ಕಾಲೇಜು ಅವರ ಅನುಮೋದಿತ ಕೇಂದ್ರವಾಗಬೇಕು. ಆಸ್ಟ್ರೇಲಿಯಾದ ಸರ್ಕಾರಿ ವೃತ್ತಿ ಶಿಕ್ಷಣದ ಟೇಫ್ ಕಾಲೇಜುಗಳ ಅರ್ಹತೆಯನ್ನು ಇಲ್ಲಿ ಕೊಡುವುದಾದರೆ ಕಲಿಸಿ ಪರೀಕ್ಷಿಸುವವರಿಗೆ ಆ ದೇಶದ ತರಬೇತಿ ಮತ್ತು ಮೌಲ್ಯಮಾಪನದ ನಾಲ್ಕನೆಯ ಹಂತದ ಸರ್ಟಿಫಿಕೇಟ್ ಬೇಕಾಗುತ್ತದೆ, ಅಲ್ಲಿನ ನಿಯಂತ್ರಕ ಸಂಸ್ಥೆ ಆಸ್ಕ್ವಾದ ಕಣ್ಣು ನಿಮ್ಮ ವರ್ಕ್‌ಶಾಪಿನ ಮೇಲೂ ಇರುತ್ತದೆ. ಜರ್ಮನಿಯದಾದರೆ ಇಂಡೋ-ಜರ್ಮನ್ ಚೇಂಬರ್ ಆಫ್ ಕಾಮರ್ಸ್ ಮೂಲಕ ಪರೀಕ್ಷೆ. ಚೇಂಬರ್ ಸರ್ಟಿಫಿಕೇಟುಗಳಲ್ಲಿ ಎ, ಬಿ, ಸಿ ಎಂಬ ಮೂರು ದರ್ಜೆಗಳಿವೆ. ಶಾಲೆ, ಕಂಪನಿ ಎರಡರಲ್ಲೂ ಕಲಿಯುವ ಜರ್ಮನಿಯ ದ್ವಂದ್ವ ತರಬೇತಿಗೆ ಪೂರ್ತಿ ಸರಿಸಮ ಅನ್ನಿಸುವುದು ಎ ದರ್ಜೆ ಮಾತ್ರ. ಕರಪತ್ರದಲ್ಲಿ 'ಜರ್ಮನ್ ಸರ್ಟಿಫಿಕೇಟ್' ಎಂದು ಅಚ್ಚು ಹಾಕಿಸುವ ಮುನ್ನ ಯಾವ ದರ್ಜೆ ಎಂದು ಪತ್ರದಲ್ಲಿ ಬರೆಸಿಕೊಳ್ಳಿ. ಪೋಷಕರು ಆ ಎರಡು ಪದ ನೋಡಿ ಸಾಲ ಮಾಡುತ್ತಾರೆ.

ಮೂರನೆಯದು, ಸ್ವಲ್ಪ ಇಲ್ಲಿ ಓದಿ ಸ್ವಲ್ಪ ಅಲ್ಲಿ ಓದುವ ಟ್ವಿನ್ನಿಂಗ್, ಜಂಟಿ ಪದವಿ, ದ್ವಿಪದವಿ. ಇದಕ್ಕೆ ಯುಜಿಸಿಯ 2022ರ ನಿಯಮಾವಳಿ ಇದೆ. ಟ್ವಿನ್ನಿಂಗ್‌ನಲ್ಲಿ ವಿದೇಶದಲ್ಲಿ ಗಳಿಸುವ ಕ್ರೆಡಿಟ್ (ಕಲಿಕೆಯ ಗಂಟೆಗಳ ಅಳತೆ) ಶೇ. 30 ದಾಟುವಂತಿಲ್ಲ, ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30 ಆಗಲೇಬೇಕು, ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ ಇದು ಅನ್ವಯಿಸುವುದಿಲ್ಲ, ಫ್ರಾಂಚೈಸಿ ನಿಷಿದ್ಧ. ಪ್ರತ್ಯೇಕ ಅನುಮತಿ ಇಲ್ಲದೆ ನೇರವಾಗಿ ಮುಂದುವರಿಯಬೇಕಾದರೆ ನಿಮಗೆ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ 3.01 ಅಂಕವೋ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಮೊದಲ ನೂರರ ಸ್ಥಾನವೋ ಬೇಕು, ಅವರು ಟೈಮ್ಸ್ ಅಥವಾ ಕ್ಯೂಎಸ್ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯ ಮೊದಲ ಸಾವಿರದಲ್ಲಿರಬೇಕು. ಸಮಸ್ಯೆ ಇಲ್ಲೇ ಇದೆ: ಒಳ್ಳೆಯ ವೃತ್ತಿ ಶಿಕ್ಷಣ ಕಾಲೇಜುಗಳು ಸಾಮಾನ್ಯವಾಗಿ ಆ ಪಟ್ಟಿಗಳಲ್ಲಿ ಇರುವುದೇ ಇಲ್ಲ, ಅವು ಸಂಶೋಧನಾ ವಿಶ್ವವಿದ್ಯಾಲಯಗಳ ಪಟ್ಟಿಗಳು. ಡಿಪ್ಲೊಮಾ ಕಾಲೇಜಿಗೆ ಈ ದಾರಿ ಸರಿಹೊಂದುವುದು ಅಪರೂಪ. ಪಾಲಿಟೆಕ್ನಿಕ್‌ಗಳು ನೋಡಬೇಕಾದದ್ದು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಅನುಮೋದನೆ ಕೈಪಿಡಿಯ ವಿದೇಶಿ ಸಹಯೋಗದ ಅಧ್ಯಾಯ.

ನಾಲ್ಕನೆಯದು, ವಿದೇಶದಲ್ಲಿ ಕೆಲಸಕ್ಕೋ ಅಪ್ರೆಂಟಿಸ್ ತರಬೇತಿಗೋ ಕಳಿಸುವುದು. ಇದರ ಅಪಾಯಗಳು ಬೇರೆಯೇ ಆದ್ದರಿಂದ ಕೊನೆಯಲ್ಲಿ ಬಿಡಿಸಿ ಹೇಳಿದ್ದೇವೆ.

ಅನುಮತಿಯ ವಿಷಯ ಚಿಕ್ಕದಾಗಿ: ಸರ್ಕಾರಿ ಸಂಸ್ಥೆಯ ಪ್ರಾಚಾರ್ಯರು ತಾವೇ ಸಹಿ ಹಾಕುವಂತಿಲ್ಲ. ಐಟಿಐ ಆದರೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ, ಪಾಲಿಟೆಕ್ನಿಕ್ ಆದರೆ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ. ಕಡತ ಹೊರಡುವಾಗಲೇ ಪೂರ್ತಿ ಇರಲಿ: ಕಂಪನಿಗಳ ಪತ್ರ, ಖರ್ಚಿನ ಪಟ್ಟಿ, ಪಾಲುದಾರರ ನೋಂದಣಿ ದಾಖಲೆ, ಎಂಒಯು ಮತ್ತು ಕೋರ್ಸಿನ ಕಾರ್ಯಕ್ರಮ ಒಪ್ಪಂದ ಎರಡರ ಕರಡು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಪ್ರಶ್ನೆ ಹಾಕಿ ವಾಪಸ್ ಬರುತ್ತದೆ, ಒಂದು ಪ್ರವೇಶದ ಋತು ಕೈತಪ್ಪುತ್ತದೆ.

ಪಾಲುದಾರರನ್ನು ಪರೀಕ್ಷಿಸುವುದು

ಕಾಲೇಜಿನ ವೆಬ್‌ಸೈಟ್ ನೋಡಿ ನಂಬಬೇಡಿ, ಆ ದೇಶದ ಸರ್ಕಾರಿ ಪಟ್ಟಿಯಲ್ಲಿ ಹೆಸರು ಹುಡುಕಿ. ಆಸ್ಟ್ರೇಲಿಯಾಕ್ಕೆ ಟ್ರೈನಿಂಗ್ ಡಾಟ್ ಗವ್ ಡಾಟ್ ಎಯು ತಾಣದಲ್ಲಿ ಸಂಸ್ಥೆ ಮಾತ್ರವಲ್ಲ, ನೀವು ಕೇಳುತ್ತಿರುವ ಅರ್ಹತೆ ಕೊಡಲು ಅದಕ್ಕೆ ಈಗ ಅಧಿಕಾರವಿದೆಯೇ ಎಂಬುದೂ ಸಿಗುತ್ತದೆ. ಇಂಗ್ಲೆಂಡಿಗೆ ಅರ್ಹತೆಗಳ ನಿಯಂತ್ರಕ ಆಫ್‌ಕ್ವಾಲ್‌ನ ನೋಂದಣಿ ಪಟ್ಟಿ. ಕೆನಡಾದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದಾದ ಕಾಲೇಜುಗಳ ಸರ್ಕಾರಿ ಪಟ್ಟಿ. ಜರ್ಮನಿಯಲ್ಲಿ ಪ್ರಶ್ನೆ ಕೊಂಚ ಬೇರೆ: ವೃತ್ತಿ ಶಾಲೆ ಪಾಠ ಹೇಳುತ್ತದೆ, ಕಂಪನಿ ಕೆಲಸ ಕಲಿಸುತ್ತದೆ, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು ಚೇಂಬರ್. ಬರೀ ವೃತ್ತಿ ಶಾಲೆಯ ಜೊತೆ ಒಪ್ಪಂದವಾದರೆ ನಿಮಗೆ ಸಿಗುವುದು ಮೂರರಲ್ಲಿ ಒಂದು ಭಾಗ. ಜರ್ಮನ್ ಒಪ್ಪಂದಗಳು ಸೊರಗಲು ಇದೊಂದು ದೊಡ್ಡ ಕಾರಣ.

ಇನ್ನು ಎಚ್ಚರಿಕೆಯ ಸೂಚನೆಗಳು. ಮಾತುಕತೆಗೆ ಬರುವವರು ಕಾಲೇಜಿನ ನೌಕರರಲ್ಲ, ಕಮಿಷನ್ ಏಜೆಂಟರು. ಪತ್ರಗಳು ಸಂಸ್ಥೆಯ ಇಮೇಲಿನಿಂದ ಬರುತ್ತಿಲ್ಲ. ಬೋಧಕರ ತರಬೇತಿಗಿಂತ ಮೊದಲು ರಾಯಲ್ಟಿಯ ಮುಂಗಡ ಕೇಳುತ್ತಾರೆ. ರಾಜ್ಯದಲ್ಲಿ ಬೇರೆ ಯಾರ ಜೊತೆಗೂ ಒಪ್ಪಂದ ಮಾಡಿಕೊಳ್ಳಬಾರದು ಎಂಬ ಷರತ್ತು ಹಾಕುತ್ತಾರೆ. ಇವುಗಳಲ್ಲಿ ಎರಡು ಕಂಡರೆ ಮಾತುಕತೆ ನಿಲ್ಲಿಸಿ. ವಿಭಾಗದ ಮುಖ್ಯಸ್ಥರೊಡನೆ ನೇರ ವೀಡಿಯೊ ಕರೆ ಕೇಳಿ. ನಿಮ್ಮ ಕಡೆಯಿಂದ ಪ್ರಾಚಾರ್ಯರ ಪಕ್ಕದಲ್ಲಿ ಲೇತ್ ಹಿಡಿದು ಕಲಿಸುವ ಬೋಧಕರೂ ಕೂರಲಿ. ಎರಡೂ ಕಡೆಯ ಬೋಧಕರು ಒಂದು ಡ್ರಾಯಿಂಗ್ ಮುಂದಿಟ್ಟುಕೊಂಡು ಅರ್ಧ ಗಂಟೆ ಮಾತಾಡಿದರೆ ಹೊಂದಾಣಿಕೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಪಠ್ಯ ತಾಳೆ ಹಾಕುವುದು

ಈ ಕೆಲಸಕ್ಕೆ ಮೂರು ತಿಂಗಳಾದರೂ ಕೊಡಿ. ಅವಸರ ಮಾಡಿದರೆ ಮುಂದಿನ ಎಲ್ಲ ಹಂತಗಳಲ್ಲೂ ತೊಂದರೆ ತಲೆಯೆತ್ತುತ್ತದೆ.

ಮೊದಲು ಗಂಟೆಗಳನ್ನು ಒಂದೇ ಅಳತೆಗೆ ತನ್ನಿ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಯುರೋಪಿನ ಕ್ರೆಡಿಟ್ ಪದ್ಧತಿ ಇಸಿಟಿಎಸ್‌ನಲ್ಲಿ 1 ಕ್ರೆಡಿಟ್ ಎಂದರೆ 25ರಿಂದ 30 ಗಂಟೆ. ಬ್ರಿಟನ್ನಿನಲ್ಲಿ 10 ಗಂಟೆ. ಅಂದರೆ ನಿಮ್ಮ 40 ಕ್ರೆಡಿಟ್ ಬ್ರಿಟನ್ನಿನ 120ಕ್ಕೂ ಯುರೋಪಿನ 40–48ಕ್ಕೂ ಸಮ. ಒಪ್ಪಂದದಲ್ಲಿ ಬರೀ '20 ಕ್ರೆಡಿಟ್' ಎಂದು ಬರೆದು, ಯಾರ ಕ್ರೆಡಿಟ್ ಎಂದು ಹೇಳದೆ ಬಿಟ್ಟರೆ 200 ಗಂಟೆಯೋ 600 ಗಂಟೆಯೋ ಎಂಬ ಜಗಳ ಖಂಡಿತ. ಹಂತಗಳ ಸಂಖ್ಯೆಯೂ ಹಾಗೇ: ಕೌಶಲ ಅರ್ಹತೆಗಳ ನಮ್ಮ ರಾಷ್ಟ್ರೀಯ ಚೌಕಟ್ಟು ಎನ್‌ಎಸ್‌ಕ್ಯೂಎಫ್ ಮೊದಲು 10 ಹಂತಗಳದ್ದಾಗಿತ್ತು, 2023ರಲ್ಲಿ ನಡುವೆ ಅರ್ಧ ಹಂತಗಳನ್ನು ಸೇರಿಸಿಕೊಂಡು 8ಕ್ಕೆ ಇಳಿಯಿತು, ಯುರೋಪಿನದು 8, ಆಸ್ಟ್ರೇಲಿಯಾದ್ದು 10. ಇಲ್ಲಿನ ನಾಲ್ಕನೆಯ ಹಂತ ಅಲ್ಲಿನ ನಾಲ್ಕನೆಯದಕ್ಕೆ ಸಮ ಎಂದು ಊಹಿಸಬೇಡಿ.

ಆಮೇಲೆ ತಾಳೆ ಪಟ್ಟಿ. ಒಂದು ಸಾಲಿಗೆ ಒಂದು ಕೌಶಲ. ಅದರ ಮುಂದೆ ಅವರ ಗಂಟೆ, ನಮ್ಮ ಗಂಟೆ, ಬೇಕಾದ ಯಂತ್ರ ಮತ್ತು ಅಳತೆ ಸಾಧನ, ಪರೀಕ್ಷಿಸುವ ಬಗೆ, ಕೊರತೆ. 'ಸಿಎನ್‌ಸಿ ಟರ್ನಿಂಗ್' (ಕಂಪ್ಯೂಟರ್ ನಿಯಂತ್ರಿತ ಲೇತ್ ಕೆಲಸ) ಎಂದು ಒಂದೇ ಸಾಲು ಬರೆದರೆ ಪ್ರಯೋಜನವಿಲ್ಲ. 'ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆದು, ಟೂಲ್ ಆಫ್‌ಸೆಟ್ ಕೊಟ್ಟು, ಮೊದಲ ತುಂಡನ್ನು 0.02 ಮಿ.ಮೀ. ಒಳಗೆ ತಂದು, ಅಳತೆ ಹಾಳೆ ತುಂಬುವುದು' ಎಂದು ಬರೆಯಿರಿ. ಎರಡು ವರ್ಷದ ಫಿಟ್ಟರ್ ಟ್ರೇಡಿನಲ್ಲಿ ವರ್ಷಕ್ಕೆ 840 ಗಂಟೆ ಪ್ರಾಯೋಗಿಕ ಇದೆ, ಅದರ ಮೇಲೆ 150 ಗಂಟೆ ಕಾರ್ಖಾನೆ ತರಬೇತಿ ಕಡ್ಡಾಯ. ಬಿಡಿ ಕೌಶಲಗಳಲ್ಲಿ ಕೊರತೆ ಕಾಣುವುದು ಕಡಿಮೆ. ಕೊರತೆ ಇರುವುದು ಇನ್ನೊಂದು ಕಡೆ. ಜರ್ಮನ್ ಕ್ರಮದಲ್ಲಿ ಪ್ರತಿ ಕೆಲಸವೂ ಆರು ಹೆಜ್ಜೆಯದು: ಮಾಹಿತಿ ಕೂಡಿಸುವುದು, ಯೋಜಿಸುವುದು, ನಿರ್ಧರಿಸುವುದು, ಮಾಡುವುದು, ತಪಾಸಣೆ, ಮೌಲ್ಯಮಾಪನ. ನಮ್ಮ ವರ್ಕ್‌ಶಾಪುಗಳಲ್ಲಿ ಮೊದಲ ಮೂರನ್ನು ಬೋಧಕರು ಕಪ್ಪುಹಲಗೆಯ ಮೇಲೆ ಮಾಡಿಬಿಡುತ್ತಾರೆ, ಕೊನೆಯ ಎರಡನ್ನು ಅಂಕ ಹಾಕುವಾಗ ಮಾಡುತ್ತಾರೆ, ಹುಡುಗರ ಪಾಲಿಗೆ ಉಳಿಯುವುದು ನಾಲ್ಕನೆಯದು ಮಾತ್ರ. ಕೆಲಸಕ್ಕೆ ಮುಂಚೆ ವಿದ್ಯಾರ್ಥಿಯೇ ಯೋಜನೆ ಹಾಳೆ ತುಂಬಬೇಕು, ಮುಗಿದ ಮೇಲೆ ಮೊದಲು ತಾನೇ ಅಳೆದು ಬರೆಯಬೇಕು, ಆಮೇಲೆ ಬೋಧಕರು ಅಳೆಯಬೇಕು. ಎರಡೂ ಅಳತೆಗಳ ಅಂತರಕ್ಕೂ ಅಂಕ. ಇದಕ್ಕೆ ಹೊಸ ಯಂತ್ರ ಬೇಡ, ನಯಾಪೈಸೆ ಖರ್ಚಿಲ್ಲ.

ಕಂಪನಿಯ ಪಾಲನ್ನು ಕಾನೂನಿನ ಚೌಕಟ್ಟಿನೊಳಗೆ ತರಲು ಹೊಸದೇನೂ ಹುಡುಕಬೇಕಾಗಿಲ್ಲ. ಐಟಿಐಗಳಿಗೆ ದ್ವಂದ್ವ ತರಬೇತಿ ಪದ್ಧತಿ, ಅಂದರೆ ಡಿಎಸ್‌ಟಿ, ಈಗಾಗಲೇ ಇದೆ; ಎರಡು ವರ್ಷದ ಟ್ರೇಡಿನಲ್ಲಿ 6ರಿಂದ 12 ತಿಂಗಳು ಕಾರ್ಖಾನೆಯಲ್ಲಿ ಕಳೆಯಬಹುದು. ವಿದೇಶಿ ಪಠ್ಯವನ್ನು ಅದಕ್ಕೇ ಜೋಡಿಸಿ.

ಪಠ್ಯ ಹೊಂದಿದರೂ ಕೈಯಲ್ಲಿ ಹೊಂದದಿರುವ ಕೆಲವು ಸಂಗತಿಗಳಿವೆ. ನಮ್ಮಲ್ಲೂ ಜರ್ಮನಿಯಲ್ಲೂ ಡ್ರಾಯಿಂಗ್ ಫಸ್ಟ್ ಆಂಗಲ್ (ವಸ್ತುವಿನ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಒಂದು ಕ್ರಮ); ಅಮೆರಿಕ, ಜಪಾನ್‌ಗಳಲ್ಲಿ ಥರ್ಡ್ ಆಂಗಲ್. ಗುರುತು ನೋಡದ ವಿದ್ಯಾರ್ಥಿ ಎಡದ ರಂಧ್ರವನ್ನು ಬಲಕ್ಕೆ ಕೊರೆಯುತ್ತಾನೆ. ಜರ್ಮನ್ ಪಠ್ಯದ ಸಿಎನ್‌ಸಿ ಪಾಠಗಳು ಸೀಮೆನ್ಸ್ ಅಥವಾ ಹೈಡೆನ್‌ಹೈನ್ ಕಂಟ್ರೋಲರ್ ಮೇಲೆ ಇರುತ್ತವೆ. ಇಲ್ಲಿನ ಕಂಪನಿಗಳಲ್ಲಿ ಬಹುಪಾಲು ಫಾನುಕ್. ಎರಡನ್ನೂ ಕಲಿಸಿ, ಆದರೆ ಪರೀಕ್ಷೆ ಯಾವುದರ ಮೇಲೆ ಎಂದು ಮೊದಲೇ ಹೇಳಿ. ವೈರಿಂಗ್ ಬಣ್ಣಗಳಲ್ಲಂತೂ ಪ್ರಾಣದ ಪ್ರಶ್ನೆ ಇದೆ: ನಮ್ಮ ಹಳೆಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗಳು, ಕಪ್ಪು ನ್ಯೂಟ್ರಲ್, ಯುರೋಪಿನಲ್ಲಿ ನೀಲಿಯೇ ನ್ಯೂಟ್ರಲ್, ಕಪ್ಪು ಒಂದು ಫೇಸ್. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಎರಡೂ ಬಣ್ಣಗಳ ಹಲಗೆಯನ್ನು ಮೊದಲ ವಾರವೇ ಗೋಡೆಗೆ ತೂಗುಹಾಕಿ, ಟೆಸ್ಟರ್ ಹಚ್ಚದೆ ತಂತಿ ಮುಟ್ಟದ ಅಭ್ಯಾಸ ಮಾಡಿಸಿ.

ಯಂತ್ರ, ವಿದ್ಯುತ್, ಅಳತೆ ಕೋಣೆ

ಎಷ್ಟು ಯಂತ್ರ ಬೇಕು ಎಂಬುದನ್ನು ಒಬ್ಬ ವಿದ್ಯಾರ್ಥಿಗೆ ಸಿಗುವ ಗಂಟೆಯಿಂದ ಲೆಕ್ಕ ಹಾಕಿ. 24 ಜನರ ಬ್ಯಾಚು, 300 ಗಂಟೆಯ ಸಿಎನ್‌ಸಿ ಘಟಕ, 2 ಯಂತ್ರ: 600 ಯಂತ್ರ-ಗಂಟೆಯನ್ನು 24ರಿಂದ ಭಾಗಿಸಿದರೆ ತಲಾ 25 ಗಂಟೆ. ಉಳಿದ 275 ಗಂಟೆ ನಿಂತು ನೋಡುವುದೇ. ಪಾಲುದಾರರ ಪಠ್ಯ ನಾಲ್ವರಿಗೊಂದು ಯಂತ್ರ ಎಂದು ಎಣಿಸಿದ್ದರೆ ಅಲ್ಲಿ ತಲಾ 75 ಗಂಟೆ. ಆ ಅಂತರ ಮುಚ್ಚಲು ಎರಡು ಪಾಳಿ ಮಾಡಿ, ಪ್ರೋಗ್ರಾಂ ಬರೆಯುವುದನ್ನು ಸಿಮ್ಯುಲೇಟರ್‌ಗೆ ಸರಿಸಿ, ಕಂಪನಿಯ ಯಂತ್ರದ ಮೇಲಿನ ಸಮಯವನ್ನೂ ಲೆಕ್ಕಕ್ಕೆ ತನ್ನಿ. ಕೊರತೆಯನ್ನು ಪಾಲುದಾರರಿಂದ ಮುಚ್ಚಿಡಬೇಡಿ. ಪರೀಕ್ಷೆಯ ದಿನ ಅದು ತಾನಾಗಿಯೇ ಬಯಲಾಗುತ್ತದೆ.

ದಾನವಾಗಿ ಬರುವ ಯಂತ್ರಗಳ ವಿಷಯದಲ್ಲಿ ವಿದ್ಯುತ್ತನ್ನು ಮೊದಲು ವಿಚಾರಿಸಿ. ಯುರೋಪಿನ 400 ವೋಲ್ಟ್, 50 ಹರ್ಟ್ಸ್ ಯಂತ್ರಗಳು ನಮ್ಮ ತ್ರೀ ಫೇಸ್‌ಗೆ ಹೊಂದುತ್ತವೆ. ಜಪಾನಿನವು ಸಾಮಾನ್ಯವಾಗಿ 200 ವೋಲ್ಟ್, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಮೆರಿಕದ 60 ಹರ್ಟ್ಸ್ ಮೋಟಾರು ಇಲ್ಲಿ ಆರನೇ ಒಂದು ಭಾಗ ನಿಧಾನ ತಿರುಗುತ್ತದೆ, ಬಿಸಿಯೂ ಆಗುತ್ತದೆ. ಖಾಸಗಿ ಟ್ರಸ್ಟ್‌ಗೆ ಇನ್ನೊಂದು ತೊಡಕಿದೆ: ವಿದೇಶದಿಂದ ಬರುವ ಹಣ ಮಾತ್ರವಲ್ಲ, ದಾನವಾಗಿ ಬರುವ ವಸ್ತುವೂ ವಿದೇಶಿ ದೇಣಿಗೆ ಕಾಯ್ದೆ, ಎಫ್‌ಸಿಆರ್‌ಎ ಅಡಿಯಲ್ಲಿ ದೇಣಿಗೆಯೇ. ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಒಂದು ಮಿಲ್ಲಿಂಗ್ ಯಂತ್ರವನ್ನೂ ಇಳಿಸಿಕೊಳ್ಳಬೇಡಿ. ಹಣವಾದರೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ.

ಅಳತೆ ಕೋಣೆಯನ್ನು ಕಡೆಗಣಿಸುವ ಕಾಲೇಜುಗಳು ಬಹಳ. ಉದ್ದದ ಅಳತೆಗೆ ಜಗತ್ತಿನಾದ್ಯಂತ ಆಧಾರ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಕಲಬುರಗಿಯ ಬೇಸಿಗೆಯಲ್ಲಿ 35 ಡಿಗ್ರಿಗೆ ಕಾದ 100 ಮಿ.ಮೀ. ಉಕ್ಕಿನ ತುಂಡು ಸುಮಾರು 0.017 ಮಿ.ಮೀ. ಹಿಗ್ಗಿರುತ್ತದೆ. 0.02 ಮಿ.ಮೀ. ಸಹಿಷ್ಣುತೆಯ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆಯ) ಕೆಲಸದಲ್ಲಿ ಬಹುಪಾಲು ಅದರಲ್ಲೇ ಕಳೆದುಹೋಯಿತು. ಇಲ್ಲಿ ಪಾಸಾದ ತುಂಡು ಪಾಲುದಾರರ ಪ್ರಯೋಗಾಲಯದಲ್ಲಿ ಫೇಲಾದಾಗ ಇಲ್ಲದ ಅನುಮಾನಗಳು ಹುಟ್ಟುತ್ತವೆ. ಚಿಕ್ಕ ಕೋಣೆಗೆ ಎಸಿ ಹಾಕಿ, ತುಂಡನ್ನು ಮತ್ತು ಮೈಕ್ರೊಮೀಟರನ್ನು ಕೆಲವು ಗಂಟೆ ಒಟ್ಟಿಗೆ ಅಲ್ಲೇ ಇಟ್ಟು ಅಳೆಯಿರಿ, ಸಾಧನಗಳನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಿಸಿ.

ಬೋಧಕರು

ಬಜೆಟ್ಟಿನಲ್ಲಿ ಒಂದನ್ನು ಉಳಿಸಿ ಇನ್ನೊಂದನ್ನು ಕತ್ತರಿಸಬೇಕಾಗಿ ಬಂದರೆ ಯಂತ್ರ ಕತ್ತರಿಸಿ, ಬೋಧಕರ ತರಬೇತಿ ಉಳಿಸಿ. ಒಂದು ಟ್ರೇಡಿಗೆ ಕನಿಷ್ಠ ನಾಲ್ವರು ತಯಾರಾಗಬೇಕು. ಇಬ್ಬರನ್ನು ಮಾತ್ರ ಕಳಿಸಿದರೆ ಒಬ್ಬರಿಗೆ ವರ್ಗಾವಣೆ, ಇನ್ನೊಬ್ಬರಿಗೆ ಕಂಪನಿಯಲ್ಲಿ ಕೆಲಸ ಸಿಕ್ಕಿ ವರ್ಷದೊಳಗೆ ಕಾರ್ಯಕ್ರಮ ಅನಾಥವಾಗುತ್ತದೆ. ಸರ್ಕಾರಿ ಐಟಿಐಗಳಲ್ಲಿ ತರಬೇತಾದ ಕಿರಿಯ ತರಬೇತಿ ಅಧಿಕಾರಿಗಳನ್ನು ಮೂರು ವರ್ಷ ವರ್ಗಾಯಿಸಬಾರದು ಎಂದು ಇಲಾಖೆಯ ಆದೇಶವನ್ನೇ ಕೇಳಿ ಪಡೆಯಿರಿ, ಒಪ್ಪಂದಕ್ಕೆ ಅದನ್ನು ಅನುಬಂಧವಾಗಿ ಸೇರಿಸಿ. ಖಾಸಗಿಯಲ್ಲಿ ಬಾಂಡ್ ಬರೆಸಿಕೊಳ್ಳುವುದಕ್ಕಿಂತ ತರಬೇತಿಯ ನಂತರ ಸಂಬಳ ಏರಿಸುವುದು ಹೆಚ್ಚು ಫಲ ಕೊಡುತ್ತದೆ.

ಎಲ್ಲರನ್ನೂ ವಿಮಾನ ಹತ್ತಿಸಬೇಕಾಗಿಲ್ಲ. ಇಬ್ಬರು ನಾಲ್ಕರಿಂದ ಆರು ವಾರ ಅಲ್ಲಿಗೆ ಹೋಗಿ ಅಲ್ಲಿನ ಮೊದಲ ವರ್ಷದ ವಿದ್ಯಾರ್ಥಿಗಳ ಜೊತೆಗೇ ಕೆಲಸ ಮಾಡಲಿ. ಬಳಿಕ ಅಲ್ಲಿನ ಒಬ್ಬ ಬೋಧಕರು ಎರಡು ವಾರ ಇಲ್ಲಿಗೆ ಬಂದು ನಾಲ್ವರಿಗೂ ನಿಮ್ಮದೇ ಯಂತ್ರಗಳ ಮೇಲೆ ಕಲಿಸಲಿ. ಬರುವವರು ಹಗಲಿಡೀ ಪ್ರೆಸೆಂಟೇಶನ್ ತೋರಿಸದಂತೆ ವೇಳಾಪಟ್ಟಿ ಮೊದಲೇ ಗೊತ್ತುಮಾಡಿ: ಶೇ. 70 ವರ್ಕ್‌ಶಾಪ್, ಪ್ರತಿದಿನ ಒಬ್ಬ ಸ್ಥಳೀಯ ಬೋಧಕರು ಪಾಠ ಮಾಡುವುದು, ಅವರು ನೋಡಿ ತಿದ್ದುವುದು. ಜರ್ಮನ್ ಕ್ರಮದ ತರಬೇತುದಾರರ ಅರ್ಹತೆ ಎಡಿಎ ಇಂಡೋ-ಜರ್ಮನ್ ಚೇಂಬರ್ ಮೂಲಕ ಭಾರತದಲ್ಲೇ ಸಿಗುತ್ತದೆ. ಸರ್ಕಾರಿ ನೌಕರರ ವಿದೇಶ ಪ್ರಯಾಣಕ್ಕೆ ನಿರಾಕ್ಷೇಪಣಾ ಪತ್ರ, ಸರ್ಕಾರದ ಅನುಮತಿ, ವೀಸಾ ಎಲ್ಲ ಸೇರಿ ನಾಲ್ಕು ತಿಂಗಳು ಎಂದಿಟ್ಟುಕೊಳ್ಳಿ.

ಪಠ್ಯದ ಭಾಷೆಯ ಬಗ್ಗೆಯೂ ಒಂದು ಮಾತು. ಸುರಕ್ಷತಾ ಸೂಚನೆ, ಕೆಲಸದ ಹಾಳೆ, ಮೌಲ್ಯಮಾಪನದ ಮಾನದಂಡ, ಈ ಮೂರನ್ನು ಕನ್ನಡದಲ್ಲಿ ಕೊಡಿ. ಯಾದಗಿರಿಯ ಹಳ್ಳಿಯಿಂದ ಬಂದ ಹುಡುಗನಿಗೆ ಕೆಲಸ ಬಂದರೂ ಹಾಳೆ ಓದಲಾಗದೆ ಅಂಕ ಹೋಗುವುದು ಅನ್ಯಾಯ. ಅನುವಾದವನ್ನು ಬೋಧಕರಿಂದಲೇ ಮಾಡಿಸಿ, ಅವರು ದಿನವೂ ಆಡುವ ಮಾತಿನಲ್ಲೇ ಇರಲಿ: ಚಕ್ಕು, ಫೀಡು, ಬರ್ ತೆಗೆಯುವುದು. ಅನುವಾದಿಸುವ ಹಕ್ಕು ನಿಮಗಿದೆ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದು.

ಪರೀಕ್ಷೆ

ಕಲಿಸಿದವರೇ ಅಂಕ ಹಾಕಬಾರದು. ಒಬ್ಬರು ಇನ್ನೊಂದು ಕಾಲೇಜಿನವರು, ಒಬ್ಬರು ಕಂಪನಿಯವರು, ಒಬ್ಬರು ನಿಮ್ಮವರೇ ಆದರೂ ಆ ಬ್ಯಾಚಿಗೆ ಕಲಿಸದವರು. ಜರ್ಮನಿಯ ಲೋಹ ಕೈಗಾರಿಕೆಯ ಟ್ರೇಡುಗಳಲ್ಲಿ ಪರೀಕ್ಷೆ ಎರಡು ಭಾಗ: ನಡುವೆ ನಡೆಯುವ ಮೊದಲನೆಯದಕ್ಕೆ ಶೇ. 40, ಕೊನೆಯದಕ್ಕೆ ಶೇ. 60. ಈ ಏರ್ಪಾಟನ್ನು ಹಾಗೇ ತೆಗೆದುಕೊಳ್ಳಿ. ಹಿಂದೆ ಬಿದ್ದವರು ಯಾರೆಂದು ಅರ್ಧದಾರಿಯಲ್ಲೇ ತಿಳಿಯುತ್ತದೆ, ಎತ್ತಿಕೊಳ್ಳಲು ಸಮಯ ಇರುತ್ತದೆ.

ಮೊದಲ ಬ್ಯಾಚಿನಲ್ಲಿ ಪರೀಕ್ಷಕರನ್ನು ಒಂದು ದಿನ ಮುಂಚೆ ಕೂರಿಸಿ ಐದು ಹಳೆಯ ತುಂಡುಗಳಿಗೆ ಬೇರೆಬೇರೆಯಾಗಿ ಅಂಕ ಹಾಕಿಸಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾನದಂಡ ಸ್ಪಷ್ಟವಾಗಿಲ್ಲ ಎಂದರ್ಥ, ಪರೀಕ್ಷೆಗೆ ಮುನ್ನ ಅದನ್ನು ಸರಿಮಾಡಿ. ಬಳಿಕ ಮೇಲಿನ, ನಡುವಿನ, ಕೆಳಗಿನ ಅಂಕ ಪಡೆದ ತಲಾ ಇಬ್ಬರ ತುಂಡು, ಹಾಳೆಗಳನ್ನು ಪಾಲುದಾರರಿಗೆ ಕಳಿಸಿ ಮರುಮೌಲ್ಯಮಾಪನ ಮಾಡಿಸಿ. ಮೊದಲ ವರ್ಷವೇ ಶೇ. 100 ಫಲಿತಾಂಶ ಬಂದರೆ ಅಭಿನಂದನೆಗಿಂತ ಮೊದಲು ತಪಾಸಣೆ ಆಗಲಿ.

ಒಪ್ಪಂದದ ಕಾಗದ ಮತ್ತು ದುಡ್ಡು

ಎರಡು ಕಾಗದ ಬೇಕು. ಎಂಒಯು ಉದ್ದೇಶ ಹೇಳುವ ಪತ್ರ ಅಷ್ಟೇ, ಯಾರನ್ನೂ ಕಟ್ಟಿಹಾಕುವುದಿಲ್ಲ. ಅದರ ಕೆಳಗೆ ಪ್ರತಿ ಕೋರ್ಸಿಗೂ ಕಾರ್ಯಕ್ರಮ ಒಪ್ಪಂದ ಇರಬೇಕು: ಯಾರು ಯಾವ ತಾರೀಖಿನೊಳಗೆ ಏನು ಮಾಡಬೇಕು, ಮಾಡದಿದ್ದರೆ ಯಾವ ಕಂತು ತಡೆಹಿಡಿಯಲಾಗುತ್ತದೆ, ಪಠ್ಯದ ಮೇಲೆ ಯಾರ ಹಕ್ಕು, ವಿದ್ಯಾರ್ಥಿಗಳ ಮಾಹಿತಿ ಯಾರ ಬಳಿ, ವ್ಯಾಜ್ಯ ಎಲ್ಲಿ ಬಗೆಹರಿಯಬೇಕು. ಹಣವನ್ನು ಕೆಲಸಕ್ಕೆ ಕಟ್ಟಿಹಾಕಿ. ಬೋಧಕರ ತರಬೇತಿ ಮುಗಿದಾಗ ಒಂದು ಕಂತು, ಮೊದಲ ಪರೀಕ್ಷೆಯ ಮರುಮೌಲ್ಯಮಾಪನ ಬಂದಾಗ ಇನ್ನೊಂದು.

ಬಜೆಟ್ ತಪ್ಪುವುದು ತೆರಿಗೆಯಲ್ಲಿ. ಒಂದು ಊಹೆಯ ಲೆಕ್ಕ ನೋಡಿ. ಜರ್ಮನ್ ಸಂಸ್ಥೆಗೆ ವಿದ್ಯಾರ್ಥಿಗೆ 200 ಯೂರೊ ಎಂದು 24 ಜನಕ್ಕೆ 4,800 ಯೂರೊ. ಯೂರೊಗೆ 100 ರೂಪಾಯಿ ಎಂದಿಟ್ಟರೆ 4,80,000. ಕಾಗದದಲ್ಲಿ 'ಎಲ್ಲ ತೆರಿಗೆ ಕಳೆದು' ಎಂಬ ಮಾತಿದ್ದರೆ, ಭಾರತ–ಜರ್ಮನಿ ತೆರಿಗೆ ಒಪ್ಪಂದದ ಶೇ. 10ನ್ನು ನೀವೇ ಹೊರಬೇಕು: ಮೊತ್ತ 5,33,333ಕ್ಕೆ ಏರುತ್ತದೆ. ಸೇವೆ ಆಮದಿಗೆ ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಪಡೆದವರೇ ತೆರಿಗೆ ಕಟ್ಟುವ ಕ್ರಮದಲ್ಲಿ) ಶೇ. 18 ಜಿಎಸ್‌ಟಿ ಬಿದ್ದರೆ ಇನ್ನೂ 96,000. ತಲಾ 20,000 ಎಂದುಕೊಂಡಿದ್ದದ್ದು 26,000 ದಾಟಿತು. ಆದ್ದರಿಂದ ಆ ಮಾತನ್ನು ಒಪ್ಪಬೇಡಿ, ಅವರಿಂದ ತೆರಿಗೆ ನಿವಾಸಿ ಪ್ರಮಾಣಪತ್ರ ತರಿಸಿಕೊಳ್ಳಿ, ಸಹಿಗೆ ಮುಂಚೆಯೇ ಚಾರ್ಟರ್ಡ್ ಅಕೌಂಟೆಂಟ್‌ಗೆ ಕರಡು ತೋರಿಸಿ, ವಿನಿಮಯ ದರದ ಏರಿಳಿತಕ್ಕೆ ಮಿತಿ ಹಾಕಿ.

ಟೂಲು, ಇನ್ಸರ್ಟು, ಕೂಲೆಂಟು, ಕಚ್ಚಾ ಉಕ್ಕುಗಳ ಖರ್ಚು ಪ್ರತಿವರ್ಷದ್ದು. ಪಾಲುದಾರರ ಕೆಲಸದ ಪುಸ್ತಕದಿಂದ ಪ್ರತಿ ತುಂಡಿನ ಲೋಹ ಎಣಿಸಿ, 24ರಿಂದ ಗುಣಿಸಿ, ಕೆಟ್ಟುಹೋಗುವುದಕ್ಕೆ ಕಾಲುಭಾಗ ಸೇರಿಸಿ. ಇದಕ್ಕೆ ಹಣ ಇಡದೆ ಐದು ಅಕ್ಷದ ಯಂತ್ರ ಕೊಂಡರೆ ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ವಿದೇಶಕ್ಕೆ ಕಳಿಸುವುದಾದರೆ

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸಿ ಕಳಿಸಲು ನೋಂದಣಿ ಬೇಕು. ಕಾಲೇಜು ಸರ್ಟಿಫಿಕೇಟ್ ಕೊಡಬಹುದು, ಭಾಷೆ ಕಲಿಸಬಹುದು. ನೋಂದಣಿ ಇಲ್ಲದೆ ವಿದೇಶಿ ಮಾಲೀಕರ ಪರವಾಗಿ ಆಯ್ಕೆ ಮಾಡಿ ಹಣ ಪಡೆಯುವಂತಿಲ್ಲ. ನೋಂದಾಯಿತ ಏಜೆನ್ಸಿಯೂ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳಬಾರದು. ಏಜೆನ್ಸಿಯ ಹೆಸರನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿ, ಇಲ್ಲವೇ ರಾಜ್ಯದ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನು ಕೇಳಿ.

ಭಾಷೆಯ ಗಂಟೆಗಳನ್ನು ಕೋರ್ಸಿನ ಒಳಗೇ ಇಡಿ. ಜರ್ಮನಿಯಲ್ಲಿ ವೃತ್ತಿ ತರಬೇತಿಯ ವೀಸಾಕ್ಕೆ ಸಾಮಾನ್ಯವಾಗಿ ಬಿ1 ಮಟ್ಟದ ಜರ್ಮನ್ ಭಾಷೆ ಬೇಕು. ಗಯಟೆ ಸಂಸ್ಥೆಯ ಅಂದಾಜಿನಲ್ಲಿ ಆ ಮಟ್ಟಕ್ಕೆ 45 ನಿಮಿಷದ 350ರಿಂದ 650 ಪಾಠಗಳು. ದಿನಕ್ಕೆ ಎರಡು ಪಾಠದಂತೆ ವಾರಕ್ಕೆ ಐದು ದಿನ ಮಾಡಿದರೂ 35ರಿಂದ 65 ವಾರ ಬೇಕು. ಕೊನೆಯ ಸೆಮಿಸ್ಟರಿನಲ್ಲಿ ಶುರುಮಾಡಿದರೆ ಕೌಶಲ ಇದ್ದೂ ಮಕ್ಕಳು ಮನೆಯಲ್ಲಿ ಕೂರುತ್ತಾರೆ. ಜಪಾನಿನ ವಿಶೇಷ ಕೌಶಲ ಕಾರ್ಮಿಕ ಯೋಜನೆಗೆ ಭಾರತ 2021ರಲ್ಲಿ ಸಹಿ ಹಾಕಿದೆ. ಅದಕ್ಕೆ ಜಪಾನಿ ಭಾಷೆಯ ಪರೀಕ್ಷೆಗಳಾದ ಜೆಎಲ್‌ಪಿಟಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಜೊತೆಗೆ ಆಯಾ ಕ್ಷೇತ್ರದ ಕೌಶಲ ಪರೀಕ್ಷೆ. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರಿನಲ್ಲಿ ಮಾತ್ರ, ಬೆಂಗಳೂರಿನಲ್ಲಿ ಕೇಂದ್ರವಿದೆ. ಒಂದು ತಪ್ಪಿದರೆ ಅರ್ಧ ವರ್ಷ ಕಾಯಬೇಕು.

ಅನೇಕರ ಅರ್ಜಿ ನಿಲ್ಲುವುದು ಹೆಸರಿನಲ್ಲಿ. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಊರ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್. ಪ್ರವೇಶದ ತಿಂಗಳಲ್ಲೇ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ, ವ್ಯತ್ಯಾಸವಿದ್ದವರಿಗೆ ಅಫಿಡವಿಟ್ ಅಥವಾ ತಿದ್ದುಪಡಿ ಶುರುಮಾಡಿಸಿ, ನಿಮ್ಮ ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಬರಲಿ. ಹೋಗುವವರ ಕೈಗೆ ಉದ್ಯೋಗ ಒಪ್ಪಂದದ ಕನ್ನಡ ಸಾರಾಂಶ ಕೊಡಿ: ಕೈಗೆ ಬರುವ ಸಂಬಳ, ಬಾಡಿಗೆ ಕಡಿತ, ಕೆಲಸದ ಗಂಟೆ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ತಂದೆತಾಯಿಗಳನ್ನೂ ಕೂರಿಸಿಕೊಂಡು ಓದಿ ಹೇಳಿ.

ಕಾಲದ ಲೆಕ್ಕ, ಮುಂದುವರಿಕೆ, ಬಿಡುಗಡೆ

ಐಟಿಐ ವರ್ಷ ಆಗಸ್ಟ್ ಸುಮಾರಿಗೆ ಶುರು. ಅಲ್ಲಿಂದ ಹಿಂದಕ್ಕೆ ಎಣಿಸಿ: 18 ತಿಂಗಳ ಹಿಂದೆ ಕಂಪನಿಗಳ ಭೇಟಿ, 15 ತಿಂಗಳ ಹಿಂದೆ ಪಾಲುದಾರರೊಡನೆ ಮಾತು, ಒಂದು ವರ್ಷ ಹಿಂದೆ ತಾಳೆ ಪಟ್ಟಿ, ಒಂಬತ್ತು ತಿಂಗಳ ಹಿಂದೆ ಕಡತ ಮತ್ತು ಒಪ್ಪಂದ, ಆರು ತಿಂಗಳ ಹಿಂದೆ ಬೋಧಕರ ಪ್ರಯಾಣ. ಕೊನೆಯ ಎರಡು ತಿಂಗಳು ಹಳೆಯ ಬ್ಯಾಚಿನ ಹತ್ತು ಜನರ ಮೇಲೆ ಒಂದು ಘಟಕದ ಪ್ರಯೋಗ. ಮೊದಲ ವರ್ಷ ಒಂದೇ ಟ್ರೇಡು, ಒಂದೇ ಬ್ಯಾಚು.

ಕೋರ್ಸು ಮುಗಿದ ಆರು ತಿಂಗಳಿಗೆ ಪ್ರತಿಯೊಬ್ಬರಿಗೂ ಫೋನ್ ಮಾಡಿ ಎಲ್ಲಿದ್ದಾರೆ, ಎಷ್ಟು ಸಂಬಳ, ಕಲಿತದ್ದರಲ್ಲಿ ಯಾವುದು ಬಳಕೆಯಲ್ಲಿದೆ ಎಂದು ಬರೆದುಕೊಳ್ಳಿ. ಅದೇ ವರ್ಷ ಹಳೆಯ ಪಠ್ಯದಲ್ಲಿ ಓದಿ ಹೊರಬಿದ್ದವರನ್ನೂ ಕೇಳಿ, ಹೋಲಿಕೆಗೆ ಅವರು ಬೇಕು. ಒಪ್ಪಂದ ಮುಗಿಯುವ ಒಂಬತ್ತು ತಿಂಗಳ ಮುಂಚೆ ಈ ಎರಡು ಪಟ್ಟಿಗಳನ್ನು ಪಾಲುದಾರರ ಮುಂದಿಟ್ಟು ಮುಂದುವರಿಸಬೇಕೋ ಬೇಡವೋ ತೀರ್ಮಾನಿಸಿ. ಬೇಡವೆಂದಾದರೂ ಆಗ ಓದುತ್ತಿರುವ ಬ್ಯಾಚು ಮೊದಲೇ ಹೇಳಿದ ಸರ್ಟಿಫಿಕೇಟನ್ನೇ ಪಡೆದು ಮುಗಿಸುವಂತೆ, ಫೇಲಾದವರಿಗೆ ಇನ್ನೆರಡು ಪರೀಕ್ಷೆ ಸಿಗುವಂತೆ, ತರಬೇತಾದ ಬೋಧಕರು ಆ ಪಠ್ಯವನ್ನು ಮುಂದೆಯೂ ಬಳಸುವಂತೆ ಮೂರು ಷರತ್ತುಗಳನ್ನು ಮೊದಲ ದಿನದ ಕಾಗದದಲ್ಲೇ ಬರೆಸಿಟ್ಟಿರಬೇಕು.